ಗಾರ್ಡ್‌ಗೆ ತಂತಿ ಕಟ್ಟದೆ 46 ಶೀಟ್ ಕೊಯ್ದೆ

ಹೋದ ಮಳೆಗಾಲ ಮುಗಿದ ಮೇಲೆ ಸಾಗರದ ಹತ್ತಿರ ಒಂದು ಹೊಸ ಮನೆಯ ಕೆಲಸ ಹಿಡಿದಿದ್ದೆ. ಮೂರು ವಾರ್ಡ್‌ರೋಬ್, ಅಡುಗೆಮನೆ, ಒಂದು ಟಿವಿ ಯೂನಿಟ್. ಒಟ್ಟು 46 ಶೀಟ್ ಪ್ಲೈ, ಒಂದೆರಡು ಹೆಚ್ಚು ಕಡಿಮೆ ಇರಬಹುದು. ಟೇಬಲ್ ಹಾಕಲಿಲ್ಲ. ಶಿವಮೊಗ್ಗಕ್ಕೆ ಕಳಿಸಿ ದೊಡ್ಡ ಮಿಷನ್‌ನಲ್ಲಿ ಕೊಯ್ಸಲಿಲ್ಲ. ಎಲ್ಲಾ ಅಲ್ಲೇ ಹಾಲ್‌ನ ನೆಲದ ಮೇಲೆ, ಕೈಯಲ್ಲಿ ಹಿಡಿಯೋ ಏಳಿಂಚಿನ ಸರ್ಕ್ಯುಲರ್ ಮಿಷನ್‌ನಲ್ಲೇ ಮುಗಿಸಿದೆ. ಬ್ಲೇಡಿನ ಕೆಳಭಾಗವನ್ನು ತಾನಾಗೇ ಮುಚ್ಚಿಕೊಳ್ಳೋ ಗಾರ್ಡ್ ಇರುತ್ತದಲ್ಲ, ಅದನ್ನು ಮೇಲೆತ್ತಿ ತಂತಿ ಕಟ್ಟಲಿಲ್ಲ. ಹಾಳಾಗಿದ್ದು ಒಂದೇ ತುಂಡು, ಅದೂ ನಾನು ಅಳತೆ ತಪ್ಪಾಗಿ ಬರೆದುಕೊಂಡಿದ್ದಕ್ಕೆ.

ಎರಡು ವರ್ಷದಿಂದ ನಮ್ಮ ಕಡೆಯ ಮೇಸ್ತ್ರಿಗಳು ನನ್ನನ್ನು ನೋಡಿ ನಗುತ್ತಿದ್ದರು. "ಗಾರ್ಡ್ ಹಂಗೇ ಇಟ್ಕೊಂಡು ಕೊಯ್ತೀಯಾ? ಹಂಗಾದ್ರೆ ಗೃಹಪ್ರವೇಶ ಮುಂದಿನ ಯುಗಾದಿಗೆ ಇಟ್ಕೊಳ್ಳೋಕೆ ಹೇಳು ಮಾರಾಯ" ಅಂತ ಒಬ್ಬ ಗೆಳೆಯ ಚಹಾ ಅಂಗಡಿಯಲ್ಲಿ ಎಲ್ಲರ ಎದುರು ಹೇಳಿದ್ದ. ಈಗ ಅದೇ ಗೆಳೆಯ, ಮಿಷನ್ ನೇರ ಹೋಗೋಕೆ ನಾನು ಮಾಡಿಕೊಂಡ ಪ್ಲೈ ಪಟ್ಟಿ ಕೇಳಿಕೊಂಡು ಬಂದಿದ್ದಾನೆ. ಅದಕ್ಕೇ ಬರೆಯೋಣ ಅನ್ನಿಸಿತು.

ನಾನೂ ಮೊದಲು ತಂತಿ ಕಟ್ಟಿದವನೇ. ಅದಕ್ಕೂ ಮೊದಲು ಆರೇಳು ವರ್ಷ ಕಲ್ಲು ಕೊಯ್ಯೋ ನಾಲ್ಕಿಂಚಿನ ಮಾರ್ಬಲ್ ಕಟರ್‌ಗೆ ಮರದ ಬ್ಲೇಡು ಹಾಕಿ ಕೆಲಸ ಮಾಡಿದ್ದೇನೆ. ಅದು ನಿಮಿಷಕ್ಕೆ ಹನ್ನೆರಡು ಸಾವಿರ ಸುತ್ತು ತಿರುಗೋ ಮಿಷನ್, ಏಳಿಂಚಿನದು ಐದು ಸಾವಿರದ ಆಸುಪಾಸು. ಮಾರ್ಬಲ್ ಕಟರ್‌ಗೆ ಕೆಳಗಡೆ ಮುಚ್ಚಿಕೊಳ್ಳೋ ಗಾರ್ಡೇ ಇಲ್ಲ. ಅಷ್ಟು ವರ್ಷ ಬೆರಳು ಉಳಿದಿದ್ದೇ ದೊಡ್ಡದು.

ಏಳಿಂಚಿನದು ತಂದಾಗ ಎರಡೇ ತಿಂಗಳಲ್ಲಿ ಕೆಳಗಿನ ಗಾರ್ಡ್ ಸಿಕ್ಕಿಕೊಳ್ಳೋಕೆ ಶುರುವಾಯಿತು. ಮೈಕಾ ಅಂಟಿಸಿದ ಶೀಟಿನ ಅಂಚಿಗೆ ತಾಗಿ ನಿಲ್ಲುತ್ತಿತ್ತು, ಮಿಷನ್ ಮುಂದೆ ಹೋಗುತ್ತಿರಲಿಲ್ಲ. ಸಿಟ್ಟು ಬಂದು ಬೈಂಡಿಂಗ್ ವೈರ್‌ನಿಂದ ಮೇಲಕ್ಕೆ ಎಳೆದು ಕಟ್ಟಿದೆ. ಎಲ್ಲರೂ ಮಾಡೋದು ಅದೇ ಅಲ್ವಾ.

ಒಂದು ದಿನ ಎರಡು ಸ್ಟೂಲಿನ ಮೇಲೆ 18 ಎಂಎಂ ಪ್ಲೈ ಇಟ್ಟು ನಡುಮಧ್ಯೆ ಕೊಯ್ಯುತ್ತಿದ್ದೆ. ಮುಕ್ಕಾಲು ಭಾಗ ಹೋಗುವಷ್ಟರಲ್ಲಿ ಶೀಟು ನಡುವೆ ಬಗ್ಗಿತು. ಬಗ್ಗಿದ ತಕ್ಷಣ ಕೊಯ್ದ ಸೀಳು ಮೇಲಿಂದ ಮುಚ್ಚಿಕೊಂಡು ಬ್ಲೇಡನ್ನು ಕಚ್ಚಿತು. ಬ್ಲೇಡಿನ ಹಿಂಭಾಗದ ಹಲ್ಲು ಮರ ಹಿಡಿದು ಮೇಲೆದ್ದವು, ಮಿಷನ್ ಹಿಂದಕ್ಕೆ ಒದೆಯಿತು. ಸ್ವಿಚ್ ಬಿಟ್ಟಿದ್ದೆ. ಆದರೆ ಸ್ವಿಚ್ ಬಿಟ್ಟ ಮೇಲೂ ಬ್ಲೇಡು ಎರಡು ಮೂರು ಸೆಕೆಂಡು ತಿರುಗುತ್ತದಲ್ಲ, ಅಷ್ಟು ಸಾಕು. ಲುಂಗಿ ಸುತ್ತಿಕೊಂಡು ತೊಡೆಗೆ ಬಂತು. ಒಂಬತ್ತು ಹೊಲಿಗೆ. ಆಸ್ಪತ್ರೆ, ಔಷಧಿ, ಹದಿನೆಂಟು ದಿನ ಕೆಲಸ ಇಲ್ಲ, ಎಲ್ಲ ಸೇರಿ ಮೂವತ್ತು ಸಾವಿರ ಹೋಯಿತು. ಆ ಶೀಟಿನದು ಬೇರೆ.

ಮನೆಯಲ್ಲಿ ಕಾಲು ಚಾಚಿ ಕೂತಾಗ ಮಾಡೋಕೆ ಕೆಲಸ ಇರಲಿಲ್ಲ. ಮಿಷನ್ ತರಿಸಿಕೊಂಡು ಪ್ಲಗ್ ತೆಗೆದು ಬಿಚ್ಚಿದೆ. ಗಾರ್ಡ್ ತಿರುಗೋ ಜಾಗದಲ್ಲಿ ನೋಡಿದರೆ ಮರದ ಪುಡಿ, ಪ್ಲೈಯ ಅಂಟು, ನಾನೇ ಹಾಕಿದ್ದ ಎಣ್ಣೆ ಮೂರೂ ಸೇರಿ ಕಪ್ಪು ಮೇಣದ ಹಾಗೆ ಗಟ್ಟಿಯಾಗಿತ್ತು. ಸ್ಪ್ರಿಂಗ್ ಅದರಲ್ಲಿ ಅರ್ಧ ಹೂತುಹೋಗಿತ್ತು. ಹಳೇ ಹಲ್ಲುಜ್ಜೋ ಬ್ರಷ್ಷು, ಸ್ವಲ್ಪ ಸೀಮೆಎಣ್ಣೆ ತಗೊಂಡು ಒಂದು ಗಂಟೆ ಉಜ್ಜಿ ಒಣಗಿಸಿದೆ. ಬೆರಳಲ್ಲಿ ಎತ್ತಿ ಬಿಟ್ಟರೆ ಟಪ್ ಅಂತ ಮುಚ್ಚಿಕೊಂಡಿತು, ಹೊಸದಾಗಿದ್ದಾಗ ಮುಚ್ಚುತ್ತಿದ್ದ ಹಾಗೇ. ನಾನು ಇಷ್ಟು ದಿನ ಬೈದಿದ್ದು ಗಾರ್ಡನ್ನಲ್ಲ, ನನ್ನ ಕೊಳೆಯನ್ನ.

ಆಮೇಲಿಂದ ಅಲ್ಲಿಗೆ ಎಣ್ಣೆ ಹಾಕುವುದಿಲ್ಲ. ಎಣ್ಣೆ ಪುಡಿಯನ್ನು ಹಿಡಿದುಕೊಳ್ಳುತ್ತದೆ. ದಿನಾ ಸಂಜೆ ಗಾಳಿ ಊದಿ, ಪ್ಲಗ್ ತೆಗೆದು, ಗಾರ್ಡನ್ನು ಐದಾರು ಸಲ ಎತ್ತಿ ಬಿಟ್ಟು ನೋಡುತ್ತೇನೆ. ನಿಧಾನವಾಗಿ ಬಂದರೆ ಅವತ್ತೇ ಬಿಚ್ಚೋದು. ಒಂದು ಸಲ ಸ್ಪ್ರಿಂಗ್ ಬದಲಾಯಿಸಿದೆ, ನಲವತ್ತೋ ಅರವತ್ತೋ ರೂಪಾಯಿ.

ಗಾರ್ಡ್ ಸರಿಯಾದರೂ ಶೀಟು ಬಗ್ಗೋದು ನಿಲ್ಲಬೇಕಲ್ಲ. ಮೊದಲು ಅಡಿಕೆ ದಬ್ಬೆ, ಅಂದರೆ ಸೀಳಿದ ಅಡಿಕೆ ಮರ, ತಂದು ನೆಲಕ್ಕೆ ಹಾಸಿ ಅದರ ಮೇಲೆ ಶೀಟಿಟ್ಟೆ. ತೋಟದಲ್ಲಿ ಸುಮ್ನೆ ಬಿದ್ದಿರುತ್ತದೆ, ದುಡ್ಡಿಲ್ಲ. ಆದರೆ ದಬ್ಬೆಯ ಹೊರಮೈ ಕಬ್ಬಿಣ. ಹತ್ತು ಶೀಟಿಗೆ ಬ್ಲೇಡು ಮೊಂಡಾಯಿತು. ಮಗುಚಿ ಹಾಕಿದರೆ ದಬ್ಬೆ ತೊಟ್ಟಿಲಿನ ಹಾಗೆ ತೂಗುತ್ತದೆ. ಆಮೇಲೆ ಎರಡಿಂಚಿನ ಥರ್ಮಾಕೋಲ್ ತಂದೆ. ಕೊಯ್ಯೋಕೆ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಆದರೆ ಬಿಳಿ ಕಾಳು ಮನೆ ತುಂಬಾ ಹಾರಿ, ಒಣಗದ ಪಾಲಿಶ್ ಮೇಲೆ ಕೂತು, ಮನೆಯ ಅಮ್ಮ "ಮೇಸ್ತ್ರಿ, ಇದೇನು ಇಲ್ಲಿ ಅವಲಕ್ಕಿ ಚೆಲ್ಲಿದ್ದೀರಿ" ಅಂದರು.

ಕೊನೆಗೆ ಸರಿಹೋಗಿದ್ದು ಸಿಲ್ವರ್ ಓಕ್ ರೀಪು. ಎರಡಿಂಚು ಅಗಲದ್ದು, ಉದ್ದಕ್ಕೆ ಐದು, ಅಡ್ಡಕ್ಕೆ ನಾಲ್ಕು, ಅರ್ಧ ಅರ್ಧ ಕೊರೆದು ಒಂದರೊಳಗೊಂದು ಕೂರಿಸಿದ ಚೌಕಟ್ಟು. ಮೊಳೆ ಒಂದೂ ಇಲ್ಲ, ಬರೀ ಅಂಟು. ಮೊಳೆ ಹೊಡೆದರೆ ಯಾವತ್ತಾದರೂ ಬ್ಲೇಡಿಗೆ ಸಿಗುತ್ತದೆ. ಖರ್ಚು 700 ರೂಪಾಯಿ ಒಳಗೆ. ಇದರ ಮೇಲೆ ಇಟ್ಟರೆ ಕೊಯ್ದ ಎರಡೂ ತುಂಡು ಇದ್ದಲ್ಲೇ ಇರುತ್ತವೆ, ಸೀಳು ಮುಚ್ಚೋದೇ ಇಲ್ಲ. ಮೊಣಕಾಲೂರಿ ಶೀಟಿನ ಮೇಲೇ ಹೋಗಬಹುದು. ಮಿಷನ್‌ನ ನೇರ ಹಿಂದೆ ಮಾತ್ರ ಕೂರಬೇಡಿ, ಒಂದು ಪಕ್ಕಕ್ಕಿರಿ. ಅಂದಹಾಗೆ, ಲುಂಗಿ ಬಿಟ್ಟು ಪ್ಯಾಂಟು ಹಾಕೋಕೆ ಶುರುಮಾಡಿದ್ದೂ ಆಗಲೇ. ಗ್ಲೌಸ್ ಹಾಕೋದಿಲ್ಲ, ಅದು ಬ್ಲೇಡಿಗೆ ಸಿಕ್ಕಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಕಣ್ಣಿಗೆ ಕನ್ನಡಕ ಇದ್ದೇ ಇರುತ್ತದೆ.

ಇನ್ನು ಪಟ್ಟಿ. ಆರು ಎಂಎಂ ಪ್ಲೈ, ಎಂಟೂವರೆ ಅಡಿ ಉದ್ದ, ಹನ್ನೆರಡಿಂಚು ಅಗಲ. ಅದರ ಮೇಲೆ ಮಿಷನ್ ತಾಗಿಕೊಂಡು ಹೋಗೋಕೆ ಒಂದು ನೇರ ಅಂಚು. ಅಂಟಿಸಿದ ಮೇಲೆ ಅದೇ ಮಿಷನ್ ಓಡಿಸಿ ಪಟ್ಟಿಯ ಹೆಚ್ಚಿಗೆ ಭಾಗ ಕೊಯ್ದುಬಿಡಬೇಕು. ಆಗ ಪಟ್ಟಿಯ ತುದಿಯೇ ಬ್ಲೇಡಿನ ಗೆರೆ. ಪೆನ್ಸಿಲ್ ಗುರುತಿಗೆ ಇಟ್ಟು ಬಿಗಿದರೆ ಮುಗಿಯಿತು.

ಹೇಳೋಕೆ ಸುಲಭ, ನಾನು ಮೂರು ಹಾಳು ಮಾಡಿದ್ದೇನೆ. ಮೊದಲನೆಯದಕ್ಕೆ ಸಿಲ್ವರ್ ಓಕ್ ಅಂಚು ಹಾಕಿದ್ದೆ. ಜುಲೈ ಮಳೆಗೆ ಬಿಲ್ಲಿನ ಹಾಗೆ ಬಗ್ಗಿತು. ಗೊತ್ತಾಗಿದ್ದು ಎರಡು ಶೀಟ್ ಹೋದ ಮೇಲೆ, ಏಳು ಸಾವಿರಕ್ಕೆ ನಾಮ. ಎರಡನೆಯದಕ್ಕೆ ಅಂಚು ಎತ್ತರ ಆಯಿತು, ಮೋಟರಿನ ಹೊಟ್ಟೆ ತಾಗುತ್ತಿತ್ತು. ಬ್ಲೇಡಿನ ಆಳ ಜಾಸ್ತಿ ಮಾಡಿದಷ್ಟೂ ಮೋಟರು ಕೆಳಗೆ ಇಳಿಯುತ್ತದೆ, ಅದು ತಲೆಗೆ ಹೊಳೆದಿರಲಿಲ್ಲ. ಮೂರನೆಯದರಲ್ಲಿ ಪಟ್ಟಿ ಬಿಗಿಯೋ ಸಿ ಕ್ಲಾಂಪಿನ ಹಿಡಿಗೆ ಮೋಟರು ಗುದ್ದಿ ಅರ್ಧ ದಾರಿಯಲ್ಲಿ ನಿಂತಿತು, ಮಿಷನ್ ಎತ್ತಿ ಮತ್ತೆ ಇಳಿಸಿದ ಜಾಗದಲ್ಲಿ ಒಂದು ಕಚ್ಚು. ಈಗಿನದು ಕಿಟಕಿ ಮಾಡುವವರ ಹತ್ತಿರ ಉಳಿದಿದ್ದ ಅಲ್ಯೂಮಿನಿಯಂ ಚಪ್ಪಟೆ ಪಟ್ಟಿ, ಎರಡು ಚಹಾಕ್ಕೆ ಸಿಕ್ಕಿದ್ದು. ಅದರ ಮೇಲೆ ಮಿಷನ್ ಬೆಣ್ಣೆಯ ಹಾಗೆ ಜಾರೋಕೆ ನಾನು ಒಂದು ವಸ್ತು ಉಜ್ಜುತ್ತೇನೆ. ಏನು ಅಂತ ಹೇಳಲ್ಲ, ಅಡುಗೆಮನೆಯಲ್ಲಿ ಇರೋದೇ.

ಆಳ ಇಡುವಾಗ ಪಟ್ಟಿಯ ದಪ್ಪ ಸೇರಿಸೋಕೆ ಮರೆಯಬೇಡಿ. 18 ಎಂಎಂ ಶೀಟು, ಆರು ಪಟ್ಟಿ, ಶೀಟಿನ ಕೆಳಗೆ ಹೊರಬರೋಕೆ ಮೂರು, ಒಟ್ಟು 27. ಅದಕ್ಕಿಂತ ಜಾಸ್ತಿ ಬ್ಲೇಡು ಹೊರಗೆ ಬಿಟ್ಟರೆ ಸಿಬಿರೂ ಜಾಸ್ತಿ, ಒದೆಯೋದೂ ಜಾಸ್ತಿ. ಬ್ಲೇಡಿನ ಹಲ್ಲು ಕೆಳಗಿಂದ ಮೇಲಕ್ಕೆ ಕೊಯ್ಯೋದರಿಂದ ಸಿಬಿರು ಏಳೋದು ಮೇಲಿನ ಮುಖಕ್ಕೆ. ಪಟ್ಟಿ ಕೂತಿರೋ ಕಡೆ ಅದು ಒತ್ತಿ ಹಿಡಿಯುತ್ತದೆ, ಅಲ್ಲಿ ಏಳಲ್ಲ. ಹಾಗಾಗಿ ಬೇಕಾದ ತುಂಡಿನ ಮೇಲೆ ಪಟ್ಟಿ, ಬೇಡದ್ದು ಹೊರಗೆ. ಎರಡೂ ತುಂಡು ಬೇಕಿದ್ದರೆ ಮೊದಲು ಎರಡು ಎಂಎಂ ಗೀರು ಹಾಕಿ ಆಮೇಲೆ ಪೂರ್ತಿ ಆಳ. ಸಮಯ ಹಿಡಿಯುತ್ತದೆ, ಆದರೆ ಮೈಕಾ ಅಂಚು ಗಾಜಿನ ಹಾಗೆ ಬರುತ್ತದೆ. ಪಕ್ಕದ ಬೀದಿಯ ಗುಡಿಗಾರರೊಬ್ಬರು ಬೆರಳಾಡಿಸಿ ನೋಡಿ ಸುಮ್ಮನೆ ತಲೆ ಅಲ್ಲಾಡಿಸಿದರು. ಗಂಧದ ಕೆತ್ತನೆ ಮಾಡೋ ಕೈ ಅದು, ಅಷ್ಟು ಸಾಕು ನನಗೆ.

ಬ್ಲೇಡಿನ ವಿಷಯದಲ್ಲಿ ಕಂಜೂಸ್‌ತನ ಮಾಡಿ ಸುಟ್ಟುಕೊಂಡಿದ್ದೇನೆ. 250 ರೂಪಾಯಿಯ ಒಂದು ಬ್ಲೇಡಿನ ಹಲ್ಲಿನ ತುದಿ ಹಾರಿ ಕನ್ನಡಕಕ್ಕೆ ಬಡಿದಿತ್ತು. ಇನ್ನೊಂದರಲ್ಲಿ ತೂತು ದೊಡ್ಡದು ಅಂತ ಅಂಗಡಿಯವನು ಬಳೆ ಹಾಕಿಕೊಟ್ಟಿದ್ದ, ಅದು ಸವೆದು ಬ್ಲೇಡು ಕುಣಿಯುತ್ತಿತ್ತು. ಈಗ ಪ್ಲೈಗೆ 40 ಹಲ್ಲು, ಮೈಕಾಗೆ 60. ಸಾವಿರದ ಚಿಲ್ಲರೆ ಕೊಟ್ಟು ತಂದಿದ್ದು. ಮೊಂಡಾದರೆ ಸಾಣೆಗೆ ಕಳಿಸಿದರೆ ಹಲ್ಲಿಗೆ ನಾಲ್ಕೈದು ರೂಪಾಯಿ. ಆದರೆ ಎಷ್ಟೋ ಸಲ ಬ್ಲೇಡು ಮೊಂಡಾಗಿರುವುದೇ ಇಲ್ಲ, ಅಂಟು ಕೂತಿರುತ್ತದೆ.

ಆ ಅಂಟು ತೆಗೆಯೋಕೆ ಏನೇನೋ ಮಾಡಿದೆ. ಅಂಟುವಾಳದ ನೀರಲ್ಲಿ ರಾತ್ರಿಯಿಡೀ ನೆನೆಸಿದೆ. ಪ್ಲೈಯ ಅಂಟು ಸ್ವಲ್ಪ ಬಿಟ್ಟಿತು, ಹಲಸಿನ ಮರದ್ದು ಜಪ್ಪಯ್ಯ ಅನ್ನಲಿಲ್ಲ, ಬೆಳಿಗ್ಗೆ ನೋಡಿದರೆ ತುಕ್ಕು ಬೇರೆ. ಕಾಸ್ಟಿಕ್ ಸೋಡಾ ಹಾಕಿದ ಒಂದು ಬ್ಲೇಡು ಆಮೇಲೆ ಸರಿಯಾಗಲೇ ಇಲ್ಲ, ಅದನ್ನ ಮಾಡಬೇಡಿ. ಬಟ್ಟೆ ಒಗೆಯೋ ವಾಷಿಂಗ್ ಸೋಡಾ, ಬಿಸಿನೀರು, ಇಪ್ಪತ್ತು ನಿಮಿಷ, ಬ್ರಷ್ಷಲ್ಲಿ ಉಜ್ಜಿ ಕೂಡಲೇ ಒರೆಸಿ ಒಣಗಿಸೋದು. ಇದೇ ಸರಿ. ತೆಂಗಿನ ಮರದ ಹಲಗೆಯನ್ನೂ ಒಂದು ಸಲ ಕೊಯ್ದು ನೋಡಿದೆ, ಕುತೂಹಲಕ್ಕೆ. ಹೊಸ ಬ್ಲೇಡಿನ ಆಯಸ್ಸೇ ಮುಗಿಯಿತು. ಆ ಟೀಪಾಯಿ ಮಾತ್ರ ಇನ್ನೂ ನಮ್ಮ ಜಗಲಿಯಲ್ಲಿದೆ.

ಮಿಷನ್ ಹೊಟ್ಟೆಯೊಳಗಿನ ಒಂದು ಮಾತು. ಸಂಜೆ ನಮ್ಮ ಕಡೆ ಕರೆಂಟು 180 ವೋಲ್ಟಿಗೆ ಇಳಿಯುತ್ತದೆ. ಅದರ ಮೇಲೆ ನನ್ನದು ಮೂವತ್ತು ಮೀಟರ್ ತೆಳು ವೈರು, ಅರ್ಧ ಸುರುಳಿಯಲ್ಲೇ ಬಿಟ್ಟಿದ್ದೆ. ಮೋಟರಿನೊಳಗೆ ತಿರುಗೋ ಆರ್ಮೇಚರ್ ಸುಟ್ಟಿತು, 1,900 ರೂಪಾಯಿ. ಈಗ 2.5 ಎಂಎಂ ವೈರು, ಪೂರ್ತಿ ಬಿಚ್ಚಿ ಹಾಸುತ್ತೇನೆ. ಕತ್ತಲಾದ ಮೇಲೆ ಕೊಯ್ಯೋದಿಲ್ಲ, ಡ್ರಾಯರ್ ಜೋಡಿಸೋದು ಅಷ್ಟೇ. ಆರ್ಮೇಚರ್‌ಗೆ ಕರೆಂಟು ಮುಟ್ಟಿಸೋ ಎರಡು ಕಾರ್ಬನ್ ಬ್ರಷ್ ತಿಂಗಳಿಗೊಮ್ಮೆ ಬಿಚ್ಚಿ ನೋಡುತ್ತೇನೆ. ಸವೆದು ಆರು ಎಂಎಂಗೆ ಬಂದರೆ ಎರಡನ್ನೂ ಒಟ್ಟಿಗೆ ಬದಲಾಯಿಸೋದು. ನೂರು ರೂಪಾಯಿಯ ಬ್ರಷ್ ಜೋಡಿಗೆ ಕಂಜೂಸ್‌ತನ ಮಾಡಿ ಕಾದು ಕೂತರೆ ಮತ್ತೆ 1,900.

ಸಮಯದ ಲೆಕ್ಕ ಕೇಳುವವರಿಗೆ: ಮೊದಲ ದಿನ ನಾನು, ಹುಡುಗ ಸೇರಿ ನಾಲ್ಕೇ ಶೀಟು ಮುಗಿಸಿದೆವು. ಎರಡನೇ ವಾರಕ್ಕೆ ದಿನಕ್ಕೆ ಹತ್ತು ಹನ್ನೊಂದು. ತಂತಿ ಕಟ್ಟಿದ ಕಾಲದಲ್ಲೂ ಹನ್ನೆರಡು ದಾಟಿರಲಿಲ್ಲ, ಅದರಲ್ಲೂ ಅಂಚು ಉಜ್ಜೋಕೆ ಅರ್ಧ ದಿನ ಹೋಗುತ್ತಿತ್ತು.

ಗೆಳೆಯನಿಗೆ ಪಟ್ಟಿ ಎರವಲು ಕೊಡಲಿಲ್ಲ. ಒಬ್ಬೊಬ್ಬರ ಮಿಷನ್‌ನ ತಳ ಒಂದೊಂದು ಅಗಲ, ನನ್ನ ಪಟ್ಟಿ ಅವನದಕ್ಕೆ ಕೂರುವುದಿಲ್ಲ. ಮಿಷನ್ ತಗೊಂಡು ಬಾ, ಅದರ ಅಳತೆಗೇ ಮಾಡಿಕೊಡ್ತೀನಿ, 900 ಕೊಡು ಅಂದೆ. ತಂದಿದ್ದಾನೆ. ಗಾರ್ಡ್‌ನ ತಂತಿ ಬಿಚ್ಚಿ ನೋಡಿದರೆ ಒಳಗೆ ಅದೇ ಕಪ್ಪು ಮೇಣ. ನಾಳೆ ಭಾನುವಾರ, ಕೂತು ಉಜ್ಜಬೇಕು. ಅದಕ್ಕೆ ಬೇರೆ 100 ಕೇಳಿದ್ದೇನೆ.