ಬೇಡದ ದಾಕ್ಷಿಣ್ಯ ಬಿಡಿಸಿಕೊಳ್ಳೋದು ಹೇಗೆ

ಮೊದಲು ಮನೆಯ ಮುಯ್ಯಿ ಪುಸ್ತಕ ತೆಗೆದುಕೊಂಡು ಕೂತುಕೊಳ್ಳಿ. ನಮ್ಮನೇದು ಮಗಳ ಮದುವೆಯದು, ರಟ್ಟು ಹಾಕಿದ ಉದ್ದನೆ ಬುಕ್ಕು. ಯಾರು ಎಷ್ಟು ಓದಿಸಿದರು, ಯಾರು ಕುಕ್ಕರ್ ಕೊಟ್ಟರು, ಎಲ್ಲ ನಮ್ಮ ಭಾವನವರ ದುಂಡು ಅಕ್ಷರದಲ್ಲಿದೆ. ಈ ಪುಸ್ತಕವೇ ಇಲ್ಲದಿದ್ದರೂ ಯಾರ ಮನೆಗೆ ಹೋಗ್ತಿದ್ದಿರೋ ಆ ಹೆಸರಿಗೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ. ಅಲ್ಲಿಗೆ ಹೋಗಿ. ಉಳಿದವರ ಮುಯ್ಯಿ ತೀರಿಸಲೇಬೇಕು, ಆದರೆ ಅದಕ್ಕೆ ಕವರ್ ಸಾಕು. ಹೋಗೋರ ಕೈಲಿ ಕಳಿಸಿ, ಫೋನ್ ಮಾಡಿ ಎರಡು ಮಾತಾಡಿ. ನೆಪ ಹೇಳಬೇಡಿ. ನೇರಳೆ ಮೆಟ್ರೋ 2023ರಲ್ಲಿ ವೈಟ್‌ಫೀಲ್ಡ್‌ವರೆಗೂ ಸೇರಿಕೊಂಡ ಮೇಲೆ ಆ ಕಡೆಯ ಮದುವೆಗಳಿಗೆ ‘ಟ್ರಾಫಿಕ್ಕು’ ಅನ್ನೋದೂ ನಡೆಯಲ್ಲ, “ಮೆಟ್ರೋದಲ್ಲಿ ಬನ್ನಿ ಅಕ್ಕ” ಅಂತಾರೆ.

ಚೀಟಿ ಹಾಕಿದ್ದರೆ ನಡುವೆ ಬಿಡಬೇಡಿ, ಬೇರೆಯವರ ದುಡ್ಡು ಸಿಕ್ಕಿಕೊಳ್ಳುತ್ತೆ. ಮುಗಿಸಿ. ಕೊನೇ ಕಂತು ಕೊಡುವಾಗಲೇ “ಮುಂದಿನದಕ್ಕೆ ನನ್ನ ಹೆಸರು ಬರೀಬೇಡಿ” ಅಂತ ಹೇಳಿಬಿಡಿ. ಬಡಾವಣೆಯ ವಾಟ್ಸಾಪ್ ಗುಂಪು ಮ್ಯೂಟ್‌ನಲ್ಲಿರಲಿ.

ಇನ್ನು ಜಾಮೀನು. ನಾನು ಸಹಕಾರ ಸಂಘವೊಂದರ ಸಾಲದ ವಿಭಾಗದಲ್ಲಿ ಕೂತು ನಿವೃತ್ತಳಾದವಳು, ಹಾಗಾಗಿ ಇಲ್ಲಿ ನನ್ನ ಮಾತು ಸ್ವಲ್ಪ ಉದ್ದ. “ಚಿಕ್ಕಮ್ಮ, ಬರೀ ಒಂದು ಸೈನ್ ಅಷ್ಟೇ” ಅಂತ ಬರ್ತಾರೆ. 1872ರ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ ಹೊಣೆ. ಮೊದಲು ಅವನನ್ನು ಹಿಡೀರಿ, ಆಮೇಲೆ ನನ್ನ ಹತ್ತಿರ ಬನ್ನಿ ಅನ್ನೋಕಾಗಲ್ಲ. ನಮ್ಮಲ್ಲಿ ಎರಡು ನೋಟಿಸೂ ಒಂದೇ ದಿನ ಟಪಾಲಿಗೆ ಹೋಗ್ತಿದ್ದವು. ದಾಕ್ಷಿಣ್ಯಕ್ಕೆ ಬಸುರಾದರೆ ಹೆರೋಕೆ ಜಾಗ ಇಲ್ಲ ಅಂತಾರಲ್ಲ, ಅಂಥವರು ಕೌಂಟರ್ ಮುಂದೆ ನಿಂತಿದ್ದನ್ನು ಎಷ್ಟು ನೋಡಿದೀನೋ.

ಹೇಳೋದು ಇಷ್ಟೇ ಇರಲಿ: “ಇಲ್ಲಪ್ಪ, ನಾನು ಯಾರಿಗೂ ಜಾಮೀನು ಹಾಕಲ್ಲ.” ಕಾರಣ ಸೇರಿಸಬೇಡಿ. ಪೆನ್ಷನ್ ಕಮ್ಮಿ ಅಂದರೆ “ಎಷ್ಟಿದ್ದರೂ ನಡೆಯುತ್ತೆ” ಅಂತಾರೆ, ಯಜಮಾನರು ಒಪ್ಪಲ್ಲ ಅಂದರೆ ಯಜಮಾನರ ಹತ್ತಿರಾನೇ ಹೋಗ್ತಾರೆ. ಹುಡುಗ ಒಳ್ಳೆಯವನಾಗಿದ್ದರೆ, ವಾಪಸ್ ಬರದಿದ್ದರೂ ನಿದ್ದೆ ಕೆಡದಷ್ಟು ದುಡ್ಡು ಕೈಲಿಟ್ಟು ಕಾಫಿ ಕೊಟ್ಟು ಕಳಿಸಿ. ಎರಡು ತಿಂಗಳು ಮುಖ ಊದಿಸಿಕೊಂಡಿರ್ತಾನೆ, ಇರಲಿ.

ಈಗಾಗಲೇ ಸೈನ್ ಹಾಕಿದ್ದರೆ, ಬರೀ ಪತ್ರ ಕೊಟ್ಟ ಮಾತ್ರಕ್ಕೆ ಬಿಡುಗಡೆ ಇಲ್ಲ. ಬದಲಿ ಜಾಮೀನುದಾರನನ್ನು ಕರೆತರೋಕೆ ಸಾಲಗಾರನಿಗೆ ಹೇಳಿ. ಸಾಲ ಕೊಟ್ಟವರು ಒಪ್ಪಿದರೆ ನಿಮ್ಮನ್ನು ಬಿಟ್ಟಿದ್ದಕ್ಕೆ ಲಿಖಿತ ಪತ್ರ ಇಸ್ಕೊಳ್ಳಿ. ಓವರ್‌ಡ್ರಾಫ್ಟ್‌ನಂಥ ಮುಂದುವರಿಯುವ ಖಾತೆಯಾದರೆ 130ನೇ ಕಲಂ ಇದೆ: ನೋಟಿಸ್ ಕೊಟ್ಟು ಮುಂದಿನ ವ್ಯವಹಾರಕ್ಕೆ ಹೊಣೆ ನಿಲ್ಲಿಸಬಹುದು, ಹಿಂದಿನದು ಮಾತ್ರ ನಿಮ್ಮ ಮೇಲೇ ಇರುತ್ತೆ.

ನಿಮಗೆ ಬೇಕಾದ್ದು ಏನು ಅನ್ನೋದನ್ನೂ ಎಲ್ಲರಿಗೂ ಮೊದಲೇ ತಿಳಿಸಿಡಿ. ನನಗೆ ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿಯ ಸಂಜೆ ಸಂಗೀತ ಕಚೇರಿಗಳು. ದರಿದ್ರ, ಮದುವೆ ಸೀಸನ್ನೂ ಅದೇ ಸಮಯಕ್ಕೆ. ಹಾಗಾಗಿ ಪತ್ರಿಕೆ ಕೊಡೋಕೆ ಬಂದವರಿಗೆ ಕುಂಕುಮ ಕೊಡುವಾಗಲೇ ಹೇಳ್ತೀನಿ, ರಿಸೆಪ್ಷನ್‌ಗೆ ಬರಲ್ಲ, ಬೆಳಿಗ್ಗೆ ಮುಹೂರ್ತಕ್ಕೆ ಬಂದು ಅಕ್ಷತೆ ಹಾಕಿ ಊಟ ಮಾಡ್ಕೊಂಡು ಹೋಗ್ತೀನಿ ಅಂತ. ಫೋಟೋಗೆ ಕ್ಯೂ ನಿಲ್ಲೋದೂ ತಪ್ಪುತ್ತೆ.