ನಿಂತ ಪೆಟ್ರೋಲ್ ಪಿಕಪ್ ಮಿಸ್ಸಿಂಗ್ ಹೊಡೆಯುತ್ತಿದೆಯಾ? ಕಾರ್ಬ್ಯುರೇಟರ್ ಆಮೇಲೆ ಬಿಚ್ಚಿ

ಗಾಡಿ ಸ್ಟಾರ್ಟ್ ಆಗುತ್ತದೆ, ಆದರೆ ಸ್ಲೋ ನಿಲ್ಲುವುದಿಲ್ಲ, ಅಂದರೆ ರೇಸ್ ಕೊಡದಿದ್ದರೆ ಎಂಜಿನ್ ಆಫ್ ಆಗುತ್ತದೆ. ರೇಸ್ ಕೊಟ್ಟರೆ ಗುಕ್ಕು ಗುಕ್ಕು ಎನ್ನುತ್ತದೆ. ಸೈಲೆನ್ಸರಿನಲ್ಲಿ ಪಟ್ ಪಟ್ ಅಂತ ಸದ್ದು. ನೋಡಿದವರೆಲ್ಲ ಹೇಳುವುದು ಒಂದೇ ಮಾತು: "ಕಾರ್ಬ್ಯುರೇಟರ್ ಬಿಚ್ಚಿಸಿ." ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ ಅದು.

ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿ ಕಡೆ ನಮ್ಮ ತೋಟ. ಅಲ್ಲಿ ಅಪ್ಪನ ಕಾಲದ ಮಹೀಂದ್ರ ಎಫ್‌ಸಿ-150 ಪಿಕಪ್ ಇದೆ. ಮುಂದೆ ಮೂತಿಯೇ ಇಲ್ಲದ, ಎಂಜಿನ್ನು ಕ್ಯಾಬಿನ್ ಒಳಗೇ ಕೂತಿರುವ ಗಾಡಿ. ಅದಕ್ಕಿರುವುದು ಹಳೆ ಜೀಪಿನ 2.2 ಲೀಟರ್ ಹರಿಕೇನ್ ಪೆಟ್ರೋಲ್ ಎಂಜಿನ್. ರೇಷ್ಮೆಗೂಡು ತುಂಬಿಕೊಂಡು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಅದು ಎಷ್ಟು ಸಲ ಹೋಗಿದೆಯೋ ಲೆಕ್ಕವಿಲ್ಲ. ಅಪ್ಪ ಹೋದ ಮೇಲೆ ಆರು ವರ್ಷ ಹುಳುಮನೆ ಪಕ್ಕದ ಶೆಡ್ಡಿನಲ್ಲಿ ನಿಂತೇ ಇತ್ತು. ಹೊರಗೆ ತೆಗೆದಾಗ ನಾನೂ ಎಲ್ಲರ ಮಾತು ಕೇಳಿ ಎರಡು ಸಲ ಕಾರ್ಬ್ಯುರೇಟರ್ ಬಿಚ್ಚಿಸಿದೆ. ಮಿಸ್ಸಿಂಗ್ ಹೋಗಲಿಲ್ಲ.

ತೊಂದರೆ ಸಿಕ್ಕಿದ್ದು ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಒಳಗೆ. ಪ್ರತಿ ಬೆಳೆ ಮುಗಿದಾಗಲೂ ಹುಳುಮನೆಗೆ ಬ್ಲೀಚಿಂಗ್ ಪೌಡರ್ ಹೊಡೆಯುತ್ತೇವಲ್ಲ, ಅದರ ಗಾಳಿ ಪಕ್ಕದ ಶೆಡ್ಡಿಗೂ ಬರುತ್ತದೆ. ಆ ಕ್ಲೋರಿನ್ ತಾಮ್ರ, ಹಿತ್ತಾಳೆ, ಕಬ್ಬಿಣ ಯಾವುದನ್ನೂ ಬಿಡುವುದಿಲ್ಲ. ಕ್ಯಾಪ್ ತೆಗೆದು ಟಾರ್ಚ್ ಹಿಡಿದರೆ ಒಳಗಿನ ನಾಲ್ಕೂ ಮೊಳೆಗಳ ಮೇಲೆ ಹಸಿರು ಬಿಳಿ ಹುಡಿ ಕೂತಿತ್ತು. ಅದನ್ನು ಸರಿ ಮಾಡಿದ ಮೇಲೇ ಕಾರ್ಬ್ಯುರೇಟರಿನ ನಿಜವಾದ ತೊಂದರೆ ಏನೆಂದು ಗೊತ್ತಾಯಿತು. ನಿಂತ ಗಾಡಿಯಲ್ಲಿ ತೊಂದರೆ ಒಂದೇ ಇರುವುದಿಲ್ಲ, ಒಂದರ ಹಿಂದೆ ಇನ್ನೊಂದು ಅಡಗಿರುತ್ತದೆ. ಅದಕ್ಕೇ ಒಂದು ಸಲಕ್ಕೆ ಒಂದೇ ಕೆಲಸ ಮಾಡಿ. ಮಾಡಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಸೆಲ್ಫ್ ಹೊಡೆಯುವ ಮೊದಲು

ಗಾಡಿಯನ್ನು ಶೆಡ್ಡಿನಿಂದ ಬಯಲಿಗೆ ತಳ್ಳಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿದರೆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಜೀವ ತೆಗೆಯುತ್ತದೆ. ಹತ್ತಿರ ಬೀಡಿ, ಸಿಗರೇಟು ಬೇಡ. ಒಂದು ಬಕೆಟ್ ಮರಳು ಪಕ್ಕದಲ್ಲಿರಲಿ.

ಟ್ಯಾಂಕಿನಿಂದ ಸ್ವಲ್ಪ ಪೆಟ್ರೋಲನ್ನು ಗಾಜಿನ ಬಾಟಲಿಗೆ ತೆಗೆದು ಬಿಸಿಲಿಗೆ ಹಿಡಿದು ನೋಡಿ. ಟೀ ಡಿಕಾಕ್ಷನ್ ಬಣ್ಣ ಬಂದು ಪೇಂಟ್ ವಾಸನೆ ಹೊಡೆದರೆ ಅದು ಕೆಟ್ಟಿದೆ. ಅಡಿಯಲ್ಲಿ ಬೇರೆ ಪದರ ಕಂಡರೆ ನೀರು ಸೇರಿದೆ. ಪೂರ್ತಿ ಖಾಲಿ ಮಾಡಿ, ಆದರೆ ಮಣ್ಣಿಗೆ ಸುರಿಯಬೇಡಿ. ಸಾವಿರ ಅಡಿ ಕೊರೆದು ನೀರು ತೆಗೆಯುವ ಊರು ನಮ್ಮದು.

ನಾಲ್ಕೂ ಪ್ಲಗ್ ಬಿಚ್ಚಿ, ಪ್ರತಿ ತೂತಿಗೂ ಎರಡು ಚಮಚ ಎಂಜಿನ್ ಆಯಿಲ್ ಬಿಟ್ಟು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಪ್ಲಗ್ ಇಲ್ಲದೆಯೇ ಟಾಪ್ ಗೇರಿಗೆ ಹಾಕಿ ಗಾಡಿಯನ್ನು ಮೆತ್ತಗೆ ಹಿಂದೆ ಮುಂದೆ ತಳ್ಳಿ. ಎಂಜಿನ್ ಸರಾಗವಾಗಿ ತಿರುಗಬೇಕು. ಬಿಗಿಯಾಗಿದ್ದರೆ ಬಲ ಹಾಕಬೇಡಿ, ಇನ್ನೊಂದು ದಿನ ಕಾಯಿರಿ. ಎಂಜಿನ್ ಆಯಿಲ್ ಬದಲಿಸಿ. ಏರ್ ಕ್ಲೀನರ್ ತೆಗೆದು ಒಳಗೆ ಕಣ್ಣಿಟ್ಟು ನೋಡಿ. ನಮ್ಮದರಲ್ಲಿ ಇಲಿ ರಾಗಿ ಹುಲ್ಲು ತಂದು ಗೂಡು ಕಟ್ಟಿತ್ತು. ಬ್ರೇಕ್ ಹಿಡಿಯುತ್ತದಾ ಅಂತಲೂ ಈಗಲೇ ನೋಡಿಕೊಳ್ಳಿ.

ಯಾವಾಗ ಮಿಸ್ ಆಗುತ್ತದೆ?

ಹೊಸ ಪೆಟ್ರೋಲ್ ಹಾಕಿ ಸ್ಟಾರ್ಟ್ ಮಾಡಿ. ಪೆಟ್ರೋಲನ್ನು ನೇರವಾಗಿ ಕಾರ್ಬ್ಯುರೇಟರ್ ಬಾಯಿಗೆ ಸುರಿದು ಸೆಲ್ಫ್ ಹೊಡೆಯುವ ಅಭ್ಯಾಸ ಬಿಡಿ. ಬ್ಯಾಕ್‌ಫೈರ್ ಆದರೆ ಬೆಂಕಿ ಮುಖಕ್ಕೇ ಬರುತ್ತದೆ.

ಎಂಜಿನ್ ಬಿಸಿಯಾದ ಮೇಲೆ, ಗಾಳಿ ತಡೆಯುವ ಚೋಕ್ ಅರ್ಧ ಎಳೆಯಿರಿ. ಖರ್ಚಿಲ್ಲದ ಇಷ್ಟು ಒಳ್ಳೆ ಪರೀಕ್ಷೆ ಇನ್ನೊಂದಿಲ್ಲ. ಚೋಕ್ ಎಳೆದಾಗ ಓಟ ಸುಧಾರಿಸಿದರೆ ಎಂಜಿನ್ನಿಗೆ ಪೆಟ್ರೋಲ್ ಕಡಿಮೆ ಬರುತ್ತಿದೆ, ಇಲ್ಲವೇ ಎಲ್ಲಿಂದಲೋ ಜಾಸ್ತಿ ಗಾಳಿ ನುಗ್ಗುತ್ತಿದೆ. ಇನ್ನೂ ಕೆಟ್ಟು ಕಪ್ಪು ಹೊಗೆ ಬಂದರೆ ಪೆಟ್ರೋಲ್ ಜಾಸ್ತಿಯಾಗಿದೆ. ಏನೂ ವ್ಯತ್ಯಾಸ ಕಾಣದೆ ಅದೇ ತಾಳದಲ್ಲಿ ಮಿಸ್ ಆಗುತ್ತಿದ್ದರೆ ಮೊದಲು ಸ್ಪಾರ್ಕ್ ಕಡೆ ನೋಡಿ.

ಸ್ಲೋನಲ್ಲಿ ಮಾತ್ರ ಕುಂಟಿ, ರೇಸ್ ಕೊಟ್ಟಾಗ ಸರಿಹೋಗುತ್ತದಾ? ಕಾರ್ಬ್ಯುರೇಟರಿನಲ್ಲಿ ಸ್ಲೋಗೆ ಪೆಟ್ರೋಲ್ ಬಿಡುವ ಸಣ್ಣ ತೂತಿನ ಸ್ಲೋ ಜೆಟ್ ಕಟ್ಟಿರಬಹುದು. ಸ್ಲೋ ಚೆನ್ನಾಗಿದ್ದು ದಿಣ್ಣೆ ಹತ್ತುವಾಗ ಕೈಕೊಡುತ್ತದಾ? ಮೇನ್ ಜೆಟ್, ಪೆಟ್ರೋಲ್ ಪಂಪ್ ಇಲ್ಲವೇ ಸ್ಪಾರ್ಕ್.

ಸ್ಪಾರ್ಕ್ ಮೊದಲು

ಸ್ಲೋನಲ್ಲಿ ಓಡುವಾಗ, ರಬ್ಬರ್ ಹಿಡಿಯ ಇಕ್ಕಳದಿಂದ ಪ್ಲಗ್ ವೈರನ್ನು ಒಂದೊಂದಾಗಿ ತೆಗೆಯಿರಿ. ತೆಗೆದ ವೈರಿಗೆ ಬೇರೆ ಪ್ಲಗ್ ಸಿಕ್ಕಿಸಿ, ಅದರ ಮೈ ಎಂಜಿನ್ನಿನ ಕಬ್ಬಿಣಕ್ಕೆ ತಾಗುವಂತೆ ಇಡಿ. ಹಾಗೆ ಇಟ್ಟರೆ ಸ್ಪಾರ್ಕಿಗೆ ಕರೆಂಟ್ ಏರಿಸುವ ಕಾಯಿಲ್ ಹಾಳಾಗುವುದಿಲ್ಲ. ಎಲ್ಲಾದರೂ ಪೆಟ್ರೋಲ್ ಸೋರುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ, ಆಮೇಲೆ ಈ ಕೆಲಸ. ವೈರ್ ತೆಗೆದಾಗ ಎಂಜಿನ್ ಇನ್ನಷ್ಟು ಕುಗ್ಗಿದರೆ ಆ ಸಿಲಿಂಡರ್ ಕೆಲಸ ಮಾಡುತ್ತಿದೆ. ಏನೂ ಬದಲಾಗದಿದ್ದರೆ ಅದೇ ಸತ್ತಿರುವುದು. ನಮ್ಮದರಲ್ಲಿ ಮೂರನೆಯದು ಪೂರ್ತಿ ಸತ್ತಿತ್ತು, ಎರಡನೆಯದು ಬಂದು ಹೋಗಿ ಮಾಡುತ್ತಿತ್ತು.

ಈಗ ಎಂಜಿನ್ ನಿಲ್ಲಿಸಿ ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆಯಿರಿ. ಒಳಗೆ ಪೆನ್ಸಿಲ್ ಗೆರೆ ಎಳೆದ ಹಾಗೆ ಸಣ್ಣ ಬಿರುಕು ಕಂಡರೆ ಕ್ಯಾಪ್ ಬದಲಿಸಬೇಕು. ಬರೀ ಹುಡಿ ಕೂತಿದ್ದರೆ ಕೆರೆದು, ಒಣ ಬಟ್ಟೆಯಿಂದ ಒರೆಸಿ. ಆಮೇಲೆ ಪಾಯಿಂಟ್, ಅಂದರೆ ಕ್ಯಾಪಿನ ಕೆಳಗೆ ತೆರೆದು ಮುಚ್ಚಿ ಸ್ಪಾರ್ಕ್ ಹುಟ್ಟಿಸುವ ಪುಟ್ಟ ಸ್ವಿಚ್. ನಿಂತ ಗಾಡಿಯ ಪಾಯಿಂಟಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಕಿಲುಬು ಕಟ್ಟಿರುತ್ತದೆ. ನುಣುಪಾದ ಎಮೆರಿ ಪೇಪರನ್ನು ನಡುವೆ ಇಟ್ಟು ಎರಡು ಮೂರು ಸಲ ಮೆಲ್ಲಗೆ ಎಳೆಯಿರಿ. ಕೊನೆಗೆ ಬಿಳಿ ಕಾಗದದ ಚೂರು ಎಳೆದು ಉಳಿದ ಹುಡಿ ತೆಗೆಯಿರಿ. ಹರಿಕೇನ್ ಎಂಜಿನ್ನಿಗೆ ಪಾಯಿಂಟ್ ಗ್ಯಾಪ್ 0.5 ಮಿ.ಮೀ., ಪ್ಲಗ್ ಗ್ಯಾಪ್ ಸುಮಾರು 0.75 ಮಿ.ಮೀ. ಫೀಲರ್ ಗೇಜ್ ಹಾಕಿಯೇ ಅಳೆಯಿರಿ, ಕಣ್ಣಂದಾಜು ಬೇಡ. ಓಡುವಾಗ ಪಾಯಿಂಟಿನಲ್ಲಿ ಜೋರಾಗಿ ಕಿಡಿ ಹಾರುತ್ತಿದ್ದರೆ ಆ ಕಿಡಿ ತಡೆಯುವ ಕಂಡೆನ್ಸರ್ ಹೋಗಿರುತ್ತದೆ.

ಪ್ಲಗ್ ವೈರ್ ವಾಪಸ್ ಹಾಕುವಾಗ ಫೈರಿಂಗ್ ಆರ್ಡರ್ 1-3-4-2 ನೆನಪಿರಲಿ. ಬಿಚ್ಚುವ ಮೊದಲೇ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟರೆ ಗಲಿಬಿಲಿ ಇರುವುದಿಲ್ಲ. ಬ್ಯಾಟರಿಯಿಂದ ಚಾಸಿಗೆ, ಎಂಜಿನ್ನಿಗೆ ಹೋಗುವ ಅರ್ಥ್ ವೈರನ್ನು ತುಂಬ ಜನ ಮರೆಯುತ್ತಾರೆ. ಅದರ ತುದಿಗಳನ್ನು ಹೊಳೆಯುವ ಹಾಗೆ ಉಜ್ಜಿ ಬಿಗಿ ಮಾಡಿ.

ನಮ್ಮ ಗಾಡಿಯಲ್ಲಿ ಇಷ್ಟಕ್ಕೇ ನಾಲ್ಕೂ ಸಿಲಿಂಡರ್ ಮಾತಾಡಿದವು. ಸ್ಲೋ ಮಾತ್ರ ಇನ್ನೂ ನಿಲ್ಲಲಿಲ್ಲ. ಚೋಕ್ ಎಳೆದರೆ ನಿಲ್ಲುತ್ತಿತ್ತು.

ಈಗ ಕಾರ್ಬ್ಯುರೇಟರ್

ಬಿಚ್ಚುವ ಮೊದಲು ಎರಡು ವಿಷಯ ನೋಡಿ. ಒಂದು, ಪಂಪ್. ಕಾಯಿಲ್ ವೈರ್ ತೆಗೆದು, ಕಾರ್ಬ್ಯುರೇಟರಿಗೆ ಹೋಗುವ ಪೈಪನ್ನು ಬಾಟಲಿಗೆ ಬಿಟ್ಟು ಯಾರಿಗಾದರೂ ಸೆಲ್ಫ್ ಹೊಡೆಯಲು ಹೇಳಿ. ಪೆಟ್ರೋಲ್ ಚಿಮ್ಮಿ ಚಿಮ್ಮಿ ಬರಬೇಕು. ಆಯಿಲ್ ಕಡ್ಡಿ ಎಳೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಪಂಪಿನ ಡಯಾಫ್ರಮ್ ಹರಿದಿರಬಹುದು. ಅದನ್ನು ಬದಲಿಸಿ, ಆಯಿಲನ್ನೂ ಬದಲಿಸುವವರೆಗೆ ಎಂಜಿನ್ ಓಡಿಸಬೇಡಿ.

ಇನ್ನೊಂದು, ಗಾಳಿ ಸೋರಿಕೆ. ಹರಿಕೇನ್ ಎಂಜಿನ್ನಿಗೆ ಬೇರೆ ಇನ್‌ಟೇಕ್ ಮ್ಯಾನಿಫೋಲ್ಡ್ ಇಲ್ಲ. ಆ ದಾರಿ ಹೆಡ್ಡಿನ ಎರಕದಲ್ಲೇ ಇದೆ, ಕಾರ್ಬ್ಯುರೇಟರ್ ಹೆಡ್ಡಿನ ಮೇಲೆಯೇ ಕೂರುತ್ತದೆ. ಹಾಗಾಗಿ ಅನುಮಾನ ಪಡಬೇಕಾದ್ದು ಮುಖ್ಯವಾಗಿ ಅಡಿಯ ಗ್ಯಾಸ್ಕೆಟ್ಟನ್ನು, ಥ್ರಾಟಲ್ ಶಾಫ್ಟನ್ನು, ಅಲ್ಲಿಗೆ ಸೇರುವ ರಬ್ಬರ್ ಪೈಪುಗಳನ್ನು. ಎಂಜಿನ್ ಓಡುವಾಗ ಸ್ಪ್ರೇ ಬಾಟಲಿಯಿಂದ ಆ ಜಾಗಕ್ಕೆ ಸ್ವಲ್ಪ ನೀರು ಹೊಡೆಯಿರಿ. ಡಿಸ್ಟ್ರಿಬ್ಯೂಟರಿಗೆ ತಾಗದಿರಲಿ. ಶಬ್ದ ಬದಲಾದರೆ ಸೋರಿಕೆ ಅಲ್ಲೇ.

ಎರಡೂ ಸರಿಯಿದ್ದರೆ ಆಗ ಬಿಚ್ಚಿ, ಪ್ರತಿ ಹಂತಕ್ಕೂ ಫೋಟೊ ತೆಗೆಯುತ್ತ. ಒಣಗಿದ ಪೆಟ್ರೋಲ್ ಬೌಲಿನ ತಳದಲ್ಲಿ ಬೆಲ್ಲದ ಪಾಕದ ಹಾಗೆ ಅಂಟಿರುತ್ತದೆ. ನಮ್ಮ ಸ್ಲೋ ಜೆಟ್ಟಿನ ತೂತು ಬೆಳಕಿಗೆ ಹಿಡಿದರೆ ಕಾಣಲೇ ಇಲ್ಲ. ಜೆಟ್ಟಿಗೆ ಸ್ಟೀಲ್ ತಂತಿ, ಸೂಜಿ ಹಾಕಬೇಡಿ. ಹಿತ್ತಾಳೆ ಮೆದು, ತೂತು ದೊಡ್ಡದಾದರೆ ಆ ಜೆಟ್ ಕೆಲಸಕ್ಕೆ ಬಾರದು. ಕಾರ್ಬ್ಯುರೇಟರ್ ಕ್ಲೀನರಿನಲ್ಲಿ ನೆನೆಸಿ, ಕರೆಂಟ್ ವೈರಿನ ಒಂದೇ ಒಂದು ತಾಮ್ರದ ಎಳೆ ತೂರಿಸಿ, ಪಂಚರ್ ಅಂಗಡಿಯ ಕಂಪ್ರೆಸರಿನಲ್ಲಿ ಗಾಳಿ ಹೊಡೆಸಿ. ಕಣ್ಣಿಗೆ ಕನ್ನಡಕ ಇರಲಿ.

ಬೌಲಿನಲ್ಲಿ ತೇಲುತ್ತ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟನ್ನು ಕಿವಿ ಹತ್ತಿರ ಅಲ್ಲಾಡಿಸಿ. ಒಳಗೆ ಕುಲುಕಿದರೆ ತೂತಾಗಿದೆ. ಚೋಕ್ ಎಳೆದಾಗ ಕಪ್ಪು ಹೊಗೆ ಬಂದಿದ್ದವರು ಇದನ್ನೂ, ಫ್ಲೋಟ್ ನೀಡಲನ್ನೂ ಬಿಡದೆ ನೋಡಬೇಕು. ಸ್ಲೋನಲ್ಲಿ ಪೆಟ್ರೋಲ್, ಗಾಳಿಯ ಅಳತೆ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ತೆಗೆಯುವ ಮೊದಲು ಅದು ಒಳಗೆ ತಾಗುವವರೆಗೆ ಎಷ್ಟು ಸುತ್ತು ಬಂತು ಅಂತ ಎಣಿಸಿ ಬರೆದಿಡಿ. ತಾಗಿದ ಮೇಲೆ ಬಿಗಿ ಮಾಡಬೇಡಿ, ತುದಿ ಕೆಡುತ್ತದೆ. ಲೆಕ್ಕ ತಪ್ಪಿದ್ದರೆ ಒಂದೂವರೆ ಸುತ್ತು ಹೊರಗೆ ಬಿಟ್ಟು ಶುರು ಮಾಡಿ, ಎಂಜಿನ್ ಬಿಸಿಯಾದ ಮೇಲೆ ಕಿವಿಗೊಟ್ಟು ಹೊಂದಿಸಿ.

ಆದರೂ ಒಂದು ಸಿಲಿಂಡರ್ ಸತ್ತೇ ಇದ್ದರೆ

ಕಂಪ್ರೆಷನ್ ಅಳೆಸಿ. ನಾಲ್ಕೂ ಹತ್ತಿರ ಹತ್ತಿರ ಇರುವುದು ಮುಖ್ಯ. ಒಂದರಲ್ಲಿ ಕಡಿಮೆ ಬಂದರೆ ಆ ತೂತಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ರಿಂಗ್, ಏರದಿದ್ದರೆ ವಾಲ್ವ್. ಹರಿಕೇನ್ ಎಂಜಿನ್ನಿನಲ್ಲಿ ಎಕ್ಸಾಸ್ಟ್ ವಾಲ್ವ್ ಇರುವುದು ಬ್ಲಾಕಿನಲ್ಲಿ. ವರ್ಷಗಟ್ಟಲೆ ನಿಂತರೆ ತುಕ್ಕು ಹಿಡಿದು ತೆರೆದ ಜಾಗದಲ್ಲೇ ಸಿಕ್ಕಿಕೊಳ್ಳಬಹುದು. ಇದು ಅನುಭವ ಇರುವ ಮೆಕ್ಯಾನಿಕ್ ಕೈಗೆ ಕೊಡಬೇಕಾದ ಕೆಲಸ.

ರಸ್ತೆಗೆ ಇಳಿಸುವ ಮೊದಲು ಆರ್‌ಸಿ, ಇನ್ಶೂರೆನ್ಸ್, ಹೊಗೆ ತಪಾಸಣೆ ಸರಿಯಿರಲಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಅದು ಟ್ಯಾಂಕಿನ ಹಳೆ ಅಂಟು, ತುಕ್ಕನ್ನು ಸಡಿಲಿಸಿ ಫಿಲ್ಟರಿಗೆ ತರುತ್ತದೆ, ಹಳೆ ರಬ್ಬರ್ ಪೈಪನ್ನೂ ಕೆಡಿಸುತ್ತದೆ. ಪೈಪುಗಳನ್ನು ಮೊದಲೇ ಬದಲಿಸಿ. ಒಂದು ಫಿಲ್ಟರ್ ಜಾಸ್ತಿ ತಂದಿಟ್ಟುಕೊಳ್ಳಿ. ನಮ್ಮ ಗಾಡಿ ಎರಡನೇ ವಾರ ಶಿಡ್ಲಘಟ್ಟಕ್ಕೆ ಹೋಗುವಾಗ ದಿಣ್ಣೆಯಲ್ಲಿ ಮತ್ತೆ ಗುಕ್ಕು ಹಾಕಿತು. ಈ ಸಲ ನಾನು ಕಾರ್ಬ್ಯುರೇಟರ್ ಮುಟ್ಟಲಿಲ್ಲ. ಫಿಲ್ಟರ್ ಬಿಚ್ಚಿದರೆ ಒಳಗೆ ಕೆಂಪು ತುಕ್ಕು. ಹೊಸದು ಹಾಕಿದೆ, ಗಾಡಿ ಹೊರಟಿತು.