ಪುಟ್ಟ ವಿಮಾನದಲ್ಲಿ ಪೈಲಟ್ ಪಕ್ಕ ಕೂರುವವರಿಗೆ

ಸೆಸ್ನಾ 172ರಂಥ ಪುಟ್ಟ ವಿಮಾನದಲ್ಲಿ ಮೊದಲ ಸಲ ಪೈಲಟ್ ಪಕ್ಕ ಕೂರುತ್ತಿದ್ದರೆ, ಟೇಕಾಫ್ ಆದ ಮೇಲೆ ಹತ್ತು ನಿಮಿಷ ಫೋನ್ ಜೇಬಿನಲ್ಲೇ ಇರಲಿ. ಮುಂದಿನ ಗಾಜಿನಾಚೆ ದಿಗಂತದ ಗೆರೆ ನೋಡುತ್ತಿರಿ. ಹೊಟ್ಟೆ ತೊಳಸುವುದು ಎಷ್ಟೋ ಕಡಿಮೆಯಾಗುತ್ತದೆ. ವಿಮಾನ ವಾಲಿದ್ದು ಒಳಕಿವಿಗೆ ತಿಳಿಯುತ್ತದೆ, ಆದರೆ ಕಣ್ಣು ಫೋನಿನ ಪರದೆಯಲ್ಲಿದ್ದರೆ ಅದಕ್ಕೆ ಏನೂ ಅಲುಗಿದಂತೆ ಕಾಣುವುದಿಲ್ಲ. ಈ ಜಗಳದಿಂದಲೇ ವಾಕರಿಕೆ. (ಘಾಟಿಯಲ್ಲಿ ಬಸ್ಸಿನ ಮುಂದಿನ ಸೀಟಿಗೆ ಓಡುವವರಿಗೆ ಇದು ಹೇಳಿಕೊಡಬೇಕಿಲ್ಲ.) ವಿಡಿಯೋ ಬೇಕೇ ಬೇಕೆಂದರೆ ಹಿಂದಿನ ಸೀಟಿನವರಿಗೆ ಹೇಳಿ. ಮಂಜು ಕವಿದು ದಿಗಂತವೇ ಕಾಣದಿದ್ದರೆ ಈ ಉಪಾಯ ನಡೆಯುವುದಿಲ್ಲ. ಬಿಸಿಲೇರಿದ ಮೇಲೂ ಅಷ್ಟೇ: ಕಾದ ನೆಲದಿಂದ ಬಿಸಿಗಾಳಿ ಎದ್ದು ವಿಮಾನ ಕುಲುಕುತ್ತದೆ. ಹಾಗಾಗಿ ಆಯ್ಕೆ ಇದ್ದರೆ ಬೆಳಗಿನ ಹಾರಾಟವನ್ನೇ ಕೇಳಿ. ಬಸ್ಸಿನಲ್ಲೂ ವಾಂತಿ ಬರುವ ದೇಹವಾದರೆ ದಿಗಂತ ಒಂದನ್ನೇ ನಂಬಬೇಡಿ, ಡಾಕ್ಟರನ್ನು ಕೇಳಿ ಮಾತ್ರೆಯನ್ನು ಹೊರಡುವ ಮುಂಚೆಯೇ ತೆಗೆದುಕೊಳ್ಳಿ. ವಾಕರಿಕೆ ಶುರುವಾದ ಮೇಲೆ ನುಂಗಿದರೆ ಹೆಚ್ಚು ಪ್ರಯೋಜನವಿಲ್ಲ. ಇನ್ನೊಂದು, ಇದು ಹೊಟ್ಟೆಯ ವಿಷಯವಲ್ಲ: ನಿಮ್ಮ ಮುಂದಿರುವ, ವಿಮಾನ ನಡೆಸುವ ಹಿಡಿಕೆಯೂ ಕಾಲ ಬಳಿಯ ಪೆಡಲ್‌ಗಳೂ ಪೈಲಟ್ ಕಡೆಯವಕ್ಕೇ ಜೋಡಿಸಿದವು, ನೀವು ಅಲುಗಿಸಿದರೆ ಅವೂ ಅಲುಗುತ್ತವೆ. ಕೂರುವಾಗ ಆ ಹಿಡಿಕೆಯನ್ನು ಆಸರೆಗೆ ಹಿಡಿಯಬೇಡಿ, ಸೀಟನ್ನು ಹಿಂದಕ್ಕೆ ಸರಿಸಿಕೊಂಡು ಪಾದಗಳನ್ನು ನೆಲದ ಮೇಲೆ ಇಡಿ. ಸರಿಸಿದ ಸೀಟು ಕಚ್ಚಿಕೊಂಡಿದೆಯೇ ಎಂದು ಒಮ್ಮೆ ಅಲ್ಲಾಡಿಸಿ ನೋಡಿ.